ಗಂಡಾಂತರಕ್ಕೆ ಲೆಕ್ಕ ಬರೆದ ಪ್ರೊಫೆಸರು

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ರಾಜಧಾನಿ ಹ್ಯಾರಿಸ್‌ಬರ್ಗ್. ಸಸ್ಕ್ವೆಹಾನಾ ನದಿಯ ದಂಡೆಯಲ್ಲಿರುವ ಈ ಊರಿನ ಹೆಸರು 1979ರ ಮಾರ್ಚ್ ತಿಂಗಳ ಕೊನೆಯಲ್ಲಿ ಜಗತ್ತಿನ ಪತ್ರಿಕೆಗಳ ಮುಖಪುಟಕ್ಕೆ ಬಂತು. ಊರಿನಿಂದ ಹದಿನಾರು ಕಿಲೋಮೀಟರ್ ಕೆಳಗೆ, ನದಿಯ ನಡುಗಡ್ಡೆಯೊಂದರಲ್ಲಿ ನಿಂತಿದ್ದ ತ್ರೀ ಮೈಲ್ ಐಲೆಂಡ್ ಅಣುವಿದ್ಯುತ್ ಸ್ಥಾವರದ ಎರಡನೇ ರಿಯಾಕ್ಟರಿನಲ್ಲಿ ನೀರು ಬತ್ತಿ ಇಂಧನ ಕರಗಿತ್ತು. ಸುಮಾರು ಒಂದೂವರೆ ಲಕ್ಷ ಜನ ಗಂಟುಮೂಟೆ ಕಟ್ಟಿಕೊಂಡು ಊರು ಬಿಟ್ಟಿದ್ದರು. ಇಂಥದೊಂದು ಅನಾಹುತ ಎಷ್ಟು ವರ್ಷಕ್ಕೊಮ್ಮೆ ಸಂಭವಿಸೀತು ಎಂದು ಮೊತ್ತಮೊದಲ ಬಾರಿಗೆ ಕೂತು ಲೆಕ್ಕ ಹಾಕಿದ್ದ ತಂಡದ ಮುಖ್ಯಸ್ಥ ಹುಟ್ಟಿದ್ದೂ ಅದೇ ಹ್ಯಾರಿಸ್‌ಬರ್ಗಿನಲ್ಲಿ. 1927ರ ನವೆಂಬರ್ 12ರಂದು. ಅವರ ಹೆಸರು ನಾರ್ಮನ್ ಕಾರ್ಲ್ ರಾಸ್ಮುಸೆನ್.

ಅಪಘಾತಕ್ಕೆ ಸುಮಾರು ಎರಡು ತಿಂಗಳ ಮುಂಚೆ, 1979ರ ಜನವರಿಯಲ್ಲಿ, ಅಮೆರಿಕದ ಪರಮಾಣು ನಿಯಂತ್ರಣ ಆಯೋಗವು ರಾಸ್ಮುಸೆನ್ ವರದಿಯ ಸಾರಾಂಶಕ್ಕೆ ತಾನು ಕೊಟ್ಟಿದ್ದ ಒಪ್ಪಿಗೆಯನ್ನು ಬಹಿರಂಗವಾಗಿ ಹಿಂತೆಗೆದುಕೊಂಡಿತ್ತು. ಒಟ್ಟು ಅಪಾಯ ಇಷ್ಟೇ ಎಂದು ಆ ವರದಿ ಹೇಳುವ ಅಂಕಿಯನ್ನು ನಂಬುವಂತಿಲ್ಲ ಎಂದು ಸಾರಿತ್ತು. ಪತ್ರಿಕೆಗಳಲ್ಲಿ ಅದು ದೊಡ್ಡ ಸುದ್ದಿಯೇ ಆಯಿತು. ಮರ್ಯಾದಸ್ಥ ಪ್ರೊಫೆಸರೊಬ್ಬರ ಪಾಲಿಗೆ ಇದಕ್ಕಿಂತ ದೊಡ್ಡ ಮುಖಭಂಗ ಇನ್ನೊಂದಿರಲಿಕ್ಕಿಲ್ಲ. ಮಾರ್ಚ್ 28ರಂದು ಅಪಘಾತ ನಡೆದೇ ಹೋಯಿತು. ವಿಚಿತ್ರವೆಂದರೆ, ಅಪಘಾತದಿಂದ ಆ ವರದಿಯ ಮಾನ ಹೋಗಲಿಲ್ಲ, ಮರಳಿ ಬಂತು. ಹೇಗೆ ಎಂಬುದನ್ನು ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಭೌತಶಾಸ್ತ್ರದಿಂದ ಬಂದವರು

ರಾಸ್ಮುಸೆನ್ ಮೂಲತಃ ಸುರಕ್ಷತೆಯ ಕ್ಷೇತ್ರದವರಲ್ಲ. ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೆ ನೌಕಾಪಡೆಯಲ್ಲಿ ಒಂದು ವರ್ಷ ಇದ್ದು ಬಂದು, ಗೆಟಿಸ್‌ಬರ್ಗ್ ಕಾಲೇಜಿನಲ್ಲಿ ಓದಿ 1950ರಲ್ಲಿ ಪದವಿ ಪಡೆದರು. ಆಮೇಲೆ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಗೆ, ಅಂದರೆ ಎಲ್ಲರೂ ಎಂಐಟಿ ಎಂದು ಕರೆಯುವ ಸಂಸ್ಥೆಗೆ ಸೇರಿ 1956ರಲ್ಲಿ ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡಿದರು. ಗಾಮಾ ಕಿರಣಗಳನ್ನು ಅಳೆದು, ಯಾವ ಧಾತುವಿನಿಂದ ಎಷ್ಟು ಬರುತ್ತಿದೆ ಎಂದು ಗುರುತಿಸುವುದು ಅವರ ವಿಷಯ. 1958ರಲ್ಲಿ ಅಲ್ಲಿಯ ಪರಮಾಣು ಎಂಜಿನಿಯರಿಂಗ್ ವಿಭಾಗದಲ್ಲಿ ಪಾಠ ಹೇಳತೊಡಗಿದರು. 1972ರಲ್ಲಿ ಸರ್ಕಾರದಿಂದ ಕರೆ ಬರುವವರೆಗೆ ಅವರು ತಮ್ಮ ಪ್ರಯೋಗಾಲಯ, ವಿದ್ಯಾರ್ಥಿಗಳು, ಉಪಕರಣಗಳ ನಡುವೆ ಇದ್ದ ಒಬ್ಬ ಅಧ್ಯಾಪಕರು, ಅಷ್ಟೆ.

ಕರೆ ಕಳಿಸಿದ್ದು ಅಮೆರಿಕದ ಅಣುಶಕ್ತಿ ಆಯೋಗ. ಆಗ ಆ ಆಯೋಗಕ್ಕೆ ಎರಡು ಟೊಪ್ಪಿಗೆ. ಅಣುವಿದ್ಯುತ್ತನ್ನು ಬೆಳೆಸುವುದೂ ಅದರದೇ ಕೆಲಸ, ಅದರ ಮೇಲೆ ಕಣ್ಣಿಡುವುದೂ ಅದರದೇ ಕೆಲಸ. ಊರಿನ ಸಾಹುಕಾರನೇ ಪಂಚಾಯ್ತಿಗೂ ಕೂತಂತೆ. ಜನರಿಗೆ ಸಂಶಯ ಹುಟ್ಟಿದ್ದರಲ್ಲಿ ಆಶ್ಚರ್ಯವಿಲ್ಲ.

ಆ ಸಂಶಯಕ್ಕೆ ಆಯೋಗವೇ ಮೇವು ಹಾಕಿತ್ತು. 1957ರಲ್ಲಿ ಅದು ಒಂದು ವರದಿ ಹೊರಡಿಸಿತ್ತು. ದೊಡ್ಡ ರಿಯಾಕ್ಟರೊಂದು ಒಡೆದು ವಿಕಿರಣವೆಲ್ಲ ಹೊರಚೆಲ್ಲಿದರೆ, ಗಾಳಿಯೂ ಪ್ರತಿಕೂಲವಾಗಿದ್ದರೆ, 3,400 ಮಂದಿ ಸಾಯಬಹುದು, 43,000 ಮಂದಿಗೆ ಗಾಯಗಳಾಗಬಹುದು, 700 ಕೋಟಿ ಡಾಲರ್ ಆಸ್ತಿ ಹಾನಿಯಾಗಬಹುದು ಎಂದು ಅದರಲ್ಲಿತ್ತು. ಇಷ್ಟು ಹೇಳಿ, ಹೀಗಾಗುವ ಸಂಭವ ಮಾತ್ರ ತೀರಾ ಕಡಿಮೆ ಎಂದು ಸೇರಿಸಲಾಗಿತ್ತು. ಕಡಿಮೆ ಎಂದರೆ ಎಷ್ಟು ಕಡಿಮೆ? ಅದಕ್ಕೆ ಉತ್ತರವಿರಲಿಲ್ಲ. 1964-65ರಲ್ಲಿ ಇದೇ ಲೆಕ್ಕವನ್ನು ದೊಡ್ಡ ರಿಯಾಕ್ಟರುಗಳಿಗೆ ಮತ್ತೆ ಮಾಡಿ ನೋಡಿದಾಗ ಅಂಕಿಗಳು ಇನ್ನಷ್ಟು ಭಯಂಕರವಾದವು. ಹಾನಿಗೊಳಗಾಗುವ ಪ್ರದೇಶ ಪೆನ್ಸಿಲ್ವೇನಿಯಾ ರಾಜ್ಯದಷ್ಟು ದೊಡ್ಡದಾಗಬಹುದು ಎಂಬ ಮಾತೂ ಅದರ ಕಾಗದಗಳಲ್ಲಿತ್ತು. ಆಯೋಗ ಅದನ್ನು ಪ್ರಕಟಿಸಲಿಲ್ಲ. ಬೀರುವಿನಲ್ಲಿಟ್ಟು ಬೀಗ ಹಾಕಿತು. ಆ ಕಾಗದಗಳು ಹೊರಬಿದ್ದದ್ದು 1973ರಲ್ಲಿ.

ಅಂದರೆ ಜನರ ಮುಂದೆ ಇದ್ದದ್ದು ಅರ್ಧ ಲೆಕ್ಕ. ಅನಾಹುತವಾದರೆ ಏನಾಗುತ್ತದೆ ಎಂಬುದು ಗೊತ್ತು, ಅನಾಹುತ ಆಗುವ ಸಂಭವ ಎಷ್ಟು ಎಂಬುದು ಗೊತ್ತಿಲ್ಲ. ಉಳಿದ ಅರ್ಧವನ್ನು ತುಂಬಿಸಬೇಕೆಂದು ಆಯೋಗ ತೀರ್ಮಾನಿಸಿತು. ಇಂಗ್ಲೆಂಡಿನಲ್ಲಿ ಎಫ್. ಆರ್. ಫಾರ್ಮರ್ ಎಂಬ ಸುರಕ್ಷತಾ ತಜ್ಞರು 1967ರಲ್ಲೇ ಇಂಥ ಯೋಚನೆಯನ್ನು ಮುಂದಿಟ್ಟಿದ್ದರು. ಯಾವ ಅಪಘಾತ ನಂಬಲರ್ಹ, ಯಾವುದು ಅಲ್ಲ ಎಂದು ಗೆರೆ ಎಳೆಯುವುದನ್ನು ಬಿಟ್ಟು, ಪ್ರತಿಯೊಂದು ಅಪಘಾತಕ್ಕೂ ಅದರ ಸಂಭವವನ್ನೂ ಪರಿಣಾಮವನ್ನೂ ಒಟ್ಟಿಗೆ ನೋಡಬೇಕು, ಪರಿಣಾಮ ದೊಡ್ಡದಾದಷ್ಟೂ ಸಂಭವ ಕಡಿಮೆಯಾಗಬೇಕು ಎಂಬುದು ಅವರ ವಾದ. ಅದನ್ನು ಇಡೀ ಸ್ಥಾವರಕ್ಕೆ, ಬೋಲ್ಟು ಕವಾಟಗಳವರೆಗೆ ಇಳಿದು ಮಾಡಿ ತೋರಿಸುವ ಕೆಲಸ ರಾಸ್ಮುಸೆನ್ ಪಾಲಿಗೆ ಬಂತು.

ನಲ್ಲಿಯಲ್ಲಿ ನೀರು ಬಾರದಿದ್ದರೆ

ಒಮ್ಮೆಯೂ ನಡೆಯದ ಘಟನೆಯ ಸಂಭವವನ್ನು ಲೆಕ್ಕ ಹಾಕುವುದಾದರೂ ಹೇಗೆ? ರಸ್ತೆ ಅಪಘಾತಗಳ ಲೆಕ್ಕ ಸುಲಭ. ಪೊಲೀಸ್ ಠಾಣೆಗಳಲ್ಲಿ ದಾಖಲೆಯಿರುತ್ತದೆ. ಆದರೆ 1970ರ ದಶಕದ ಮೊದಲ ಭಾಗದಲ್ಲಿ ಅಮೆರಿಕದ ವಾಣಿಜ್ಯ ರಿಯಾಕ್ಟರುಗಳ ಒಟ್ಟು ಅನುಭವ, ಎಲ್ಲವನ್ನೂ ಕೂಡಿಸಿದರೂ, ಸುಮಾರು 200 ರಿಯಾಕ್ಟರ್-ವರ್ಷ. ಅಷ್ಟರಲ್ಲಿ ಯಾವ ದೊಡ್ಡ ವಿದ್ಯುತ್ ರಿಯಾಕ್ಟರಿನ ಇಂಧನವೂ ಪೂರ್ತಿ ಕರಗಿರಲಿಲ್ಲ.

ಇಡೀ ಸ್ಥಾವರಕ್ಕೆ ಅನುಭವವಿಲ್ಲದಿದ್ದರೂ ಅದರ ಬಿಡಿಭಾಗಗಳಿಗೆ ಅನುಭವವಿದೆ ಎಂಬುದೇ ಇಲ್ಲಿಯ ಉಪಾಯ. ಪಂಪು ಎಷ್ಟು ಸಲಕ್ಕೊಮ್ಮೆ ಕೈಕೊಡುತ್ತದೆ, ಕವಾಟ ಎಷ್ಟು ಸಲಕ್ಕೊಮ್ಮೆ ಸಿಕ್ಕಿಹಾಕಿಕೊಳ್ಳುತ್ತದೆ, ಡೀಸೆಲ್ ಜನರೇಟರ್ ಎಷ್ಟು ಸಲಕ್ಕೊಮ್ಮೆ ಚಾಲೂ ಆಗುವುದಿಲ್ಲ ಎಂಬುದೆಲ್ಲ ಬೇರೆ ಕಾರ್ಖಾನೆಗಳಿಂದ, ಸೇನೆಯ ದಾಖಲೆಗಳಿಂದ ಗೊತ್ತಿತ್ತು. ಇವನ್ನು ಜೋಡಿಸಿ ಇಡೀ ಸ್ಥಾವರದ ಸ್ಥಿತಿಯನ್ನು ಊಹಿಸುವ ವಿಧಾನ ಬೇಕಿತ್ತು.

ಆ ವಿಧಾನಗಳಲ್ಲೊಂದು ಫಾಲ್ಟ್ ಟ್ರೀ. ಕನ್ನಡದಲ್ಲಿ ದೋಷವೃಕ್ಷ ಎನ್ನಬಹುದು. 1960ರ ದಶಕದ ಆರಂಭದಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಮಿನಿಟ್‌ಮನ್ ಕ್ಷಿಪಣಿಗಾಗಿ ಇದು ಹುಟ್ಟಿತು. ಕ್ಷಿಪಣಿ ತಾನಾಗಿಯೇ ಹಾರಿಬಿಟ್ಟರೆ ಗತಿಯೇನು ಎಂಬ ಭಯ ಅದರ ಮೂಲ. ಬೋಯಿಂಗ್ ಕಂಪನಿ ಅದನ್ನು ಬೆಳೆಸಿತು.

ಮನೆಯ ಉದಾಹರಣೆಯಿಂದಲೇ ಇದನ್ನು ಅರ್ಥ ಮಾಡಿಕೊಳ್ಳಬಹುದು. ಬೆಂಗಳೂರಿನ ಒಂದು ಮನೆ ಎಂದುಕೊಳ್ಳಿ. ಬೆಳಿಗ್ಗೆ ಎದ್ದು ನಲ್ಲಿ ತಿರುಗಿಸಿದರೆ ನೀರಿಲ್ಲ. ಇದು ಮರದ ತುದಿ. ಯಾಕೆ ಇಲ್ಲ? ಒಂದೋ ಕೊಳವೆ ಕಟ್ಟಿಕೊಂಡಿದೆ, ಇಲ್ಲವೋ ಮೇಲಿನ ಟ್ಯಾಂಕು ಖಾಲಿ. ಟ್ಯಾಂಕು ಖಾಲಿಯಾಗಬೇಕಾದರೆ ಎರಡು ಒಟ್ಟಿಗೆ ಆಗಿರಬೇಕು. ಕಾವೇರಿ ನೀರು ಬಂದಿರಬಾರದು, ಮನೆಯ ಬೋರ್‌ವೆಲ್ಲೂ ಕೆಲಸ ಮಾಡಿರಬಾರದು. ಬೋರ್‌ವೆಲ್ ಯಾಕೆ ಕೆಲಸ ಮಾಡಲಿಲ್ಲ? ಮೋಟಾರು ಸುಟ್ಟಿರಬಹುದು, ಕರೆಂಟು ಹೋಗಿರಬಹುದು, ರಾತ್ರಿ ಸ್ವಿಚ್ ಹಾಕಲು ಮನೆಯವರು ಮರೆತಿರಬಹುದು. ಹೀಗೆ ‘ಅಥವಾ’, ‘ಮತ್ತು’ಗಳ ಕೊಂಬೆಗಳಲ್ಲಿ ಬೇರಿನವರೆಗೂ ಇಳಿಯುತ್ತ ಹೋಗುವುದು. ‘ಅಥವಾ’ ಇದ್ದಲ್ಲಿ ಸಂಭವಗಳನ್ನು ಕೂಡಬೇಕು, ‘ಮತ್ತು’ ಇದ್ದಲ್ಲಿ ಗುಣಿಸಬೇಕು. ಕಾವೇರಿ ನೀರು ನೂರು ದಿನಕ್ಕೊಮ್ಮೆ ಕೈಕೊಟ್ಟರೆ, ಬೋರ್‌ವೆಲ್ಲೂ ನೂರು ದಿನಕ್ಕೊಮ್ಮೆ ಕೈಕೊಟ್ಟರೆ, ಎರಡೂ ಒಂದೇ ದಿನ ಕೈಕೊಡುವುದು ಹತ್ತು ಸಾವಿರ ದಿನಕ್ಕೊಮ್ಮೆ. ಅಂದರೆ ಇಪ್ಪತ್ತೇಳು ವರ್ಷಕ್ಕೊಂದು ಬಾರಿ. ಮನೆಯ ಯಜಮಾನ ನಿಶ್ಚಿಂತೆಯಾಗಿ ಮಲಗಬಹುದು.

ಮಲಗಬಹುದೇ? ಕಾವೇರಿ ನೀರು ಬೆಂಗಳೂರಿಗೆ ತಾನಾಗಿ ಹರಿದು ಬರುವುದಿಲ್ಲ. ತೊರೆಕಾಡನಹಳ್ಳಿಯಿಂದ ಪಂಪುಗಳು ಅದನ್ನು ಮೇಲೆತ್ತಬೇಕು. ಅವೂ ಓಡುವುದು ವಿದ್ಯುತ್ತಿನಿಂದಲೇ. ವಿದ್ಯುತ್ ಜಾಲವೇ ಕುಸಿದರೆ ಕಾವೇರಿಯೂ ಇಲ್ಲ, ಬೋರ್‌ವೆಲ್ಲೂ ಇಲ್ಲ. ಎರಡು ಬೇರೆ ಬೇರೆ ಎಂದುಕೊಂಡು ಗುಣಿಸಿದ್ದು ತಪ್ಪಾಯಿತು. ಹತ್ತು ಸಾವಿರದ ಲೆಕ್ಕ ಒಂದೇ ಏಟಿಗೆ ನೂರಕ್ಕೋ ಇನ್ನೂರಕ್ಕೋ ಇಳಿಯಿತು. ಒಂದೇ ಕಾರಣದಿಂದ ಹಲವು ರಕ್ಷಣೆಗಳು ಒಟ್ಟಿಗೆ ನೆಲಕಚ್ಚುವ ಈ ಸಮಸ್ಯೆಯೇ ಅಪಾಯದ ಲೆಕ್ಕಾಚಾರದ ಅತಿ ದೊಡ್ಡ ತಲೆನೋವು. ರಾಸ್ಮುಸೆನ್ ತಂಡಕ್ಕೆ ಇದು ಗೊತ್ತಿತ್ತು. ಅದನ್ನು ಹಿಡಿಯಲು ಯತ್ನಿಸಿದರು ಕೂಡ. ಪೂರ್ತಿ ಹಿಡಿಯಲಾಯಿತೆ ಎಂಬ ವಾದ ಇವತ್ತಿಗೂ ಮುಗಿದಿಲ್ಲ.

ದೋಷವೃಕ್ಷವನ್ನು ಇಡೀ ಸ್ಥಾವರಕ್ಕೆ ಹಬ್ಬಿಸಹೋದರೆ ಅದು ಯಾರ ಕೈಗೂ ನಿಲ್ಲದ ಕಾಡಾಗಿ ಬೆಳೆಯಿತು. ಆಗ ತಂಡ ಹೊಸದೊಂದು ಮಾರ್ಗ ಹಿಡಿಯಿತು. ತುದಿಯಿಂದ ಬೇರಿಗೆ ಇಳಿಯುವ ಬದಲು ಮೊದಲ ತೊಂದರೆಯಿಂದ ಮುಂದಕ್ಕೆ ನಡೆಯುವುದು. ಕೊಳವೆ ಒಡೆಯಿತು. ಕರೆಂಟು ಇದೆಯೇ, ಇಲ್ಲವೇ? ಇದ್ದರೆ, ತುರ್ತು ತಂಪು ನೀರು ಬಂತೇ, ಇಲ್ಲವೇ? ಬರದಿದ್ದರೆ, ಕಾಂಕ್ರೀಟಿನ ಹೊರ ಕವಚ ತಡೆಯಿತೇ, ಇಲ್ಲವೇ? ಪ್ರತಿ ಪ್ರಶ್ನೆಗೂ ದಾರಿ ಎರಡಾಗಿ ಒಡೆಯುತ್ತದೆ. ಇದು ಈವೆಂಟ್ ಟ್ರೀ, ಘಟನಾವೃಕ್ಷ. ಒಂದೊಂದು ಕವಲಿನ ಸಂಭವವನ್ನು ದೋಷವೃಕ್ಷದಿಂದ ತಂದು ತುಂಬಿಸುವುದು. ಈ ಜೋಡಿಯೇ ಮುಂದೆ ಜಗತ್ತಿನಾದ್ಯಂತ ಸಂಭವನೀಯತೆಯ ಅಪಾಯ ವಿಶ್ಲೇಷಣೆ ಎಂಬ ಹೊಸ ಶಾಸ್ತ್ರವಾಯಿತು. ಆ ಶಾಸ್ತ್ರವನ್ನೇ ವೃತ್ತಿ ಮಾಡಿಕೊಂಡ ಎಂಜಿನಿಯರುಗಳ ಒಂದು ಪೀಳಿಗೆ ಅದರ ಹಿಂದೆ ಬಂತು.

ಮನುಷ್ಯನ ತಪ್ಪಿಗೂ ಅಂಕಿ ಬೇಕಿತ್ತು. ಸ್ವಿಚ್ ಹಾಕಲು ಮರೆಯುವವರ ಲೆಕ್ಕ ಕವಾಟದ ಲೆಕ್ಕದಷ್ಟು ಸುಲಭವಲ್ಲ. ಅಣ್ವಸ್ತ್ರ ಜೋಡಿಸುವ ಕೆಲಸಗಾರರು ಎಷ್ಟು ಸಲಕ್ಕೊಮ್ಮೆ ತಪ್ಪುತ್ತಾರೆಂದು ಅಧ್ಯಯನ ಮಾಡಿದ್ದ ಸ್ಯಾಂಡಿಯಾ ಪ್ರಯೋಗಾಲಯದ ಅಲನ್ ಸ್ವೇನ್ ಎಂಬ ತಜ್ಞರ ನೆರವು ಇದಕ್ಕೆ ದೊರೆಯಿತು.

ತಂಡದಲ್ಲಿ ಸುಮಾರು 60 ಜನ. ಆಯೋಗದ ಅಧಿಕಾರಿ ಸಾಲ್ ಲೆವಿನ್ ದಿನನಿತ್ಯದ ಕೆಲಸ ನಡೆಸುತ್ತಿದ್ದರು. ರಾಸ್ಮುಸೆನ್ ಎಂಐಟಿಯ ಪಾಠವನ್ನೂ ಬಿಡದೆ ಅರೆಕಾಲಿಕವಾಗಿ ನಿರ್ದೇಶಕರಾಗಿದ್ದರು. ಖರ್ಚು ಸುಮಾರು 40 ಲಕ್ಷ ಡಾಲರ್. ಮಾದರಿಗೆ ಆಯ್ದುಕೊಂಡದ್ದು ಎರಡು ಸ್ಥಾವರಗಳನ್ನು. ವರ್ಜೀನಿಯಾದ ಸರ್ರಿ ಒಂದು. ಪೆನ್ಸಿಲ್ವೇನಿಯಾದ ಪೀಚ್ ಬಾಟಮ್ ಇನ್ನೊಂದು. ಎರಡನೆಯದು ಅದೇ ಸಸ್ಕ್ವೆಹಾನಾ ನದಿಯ ಮೇಲಿದೆ.

ಎಲ್ಲರೂ ಓದಿದ ಪುಟ

1974ರ ಆಗಸ್ಟಿನಲ್ಲಿ ಕರಡು ಬಂತು. 1975ರ ಅಕ್ಟೋಬರಿನಲ್ಲಿ ಅಂತಿಮ ವರದಿ. ‘ರಿಯಾಕ್ಟರ್ ಸುರಕ್ಷತಾ ಅಧ್ಯಯನ’ ಎಂಬುದು ಅದರ ಹೆಸರು. ವಾಶ್-1400 ಎಂಬುದು ಕಡತದ ಸಂಖ್ಯೆ. ಜನ ಕರೆದದ್ದು ರಾಸ್ಮುಸೆನ್ ವರದಿ ಎಂದು.

ವರದಿಯ ಒಳಗೆ ಎರಡು ಮುಖ್ಯ ಸಂಗತಿಗಳಿದ್ದವು. ಅವು ಒಂದಕ್ಕೊಂದು ವಿರುದ್ಧ ದಿಕ್ಕಿನವು. ಇಂಧನ ಕರಗುವ ಸಂಭವ ತಜ್ಞರು ಅಂದುಕೊಂಡದ್ದಕ್ಕಿಂತ ಹೆಚ್ಚು ಎಂಬುದು ಮೊದಲನೆಯದು. ಒಂದು ರಿಯಾಕ್ಟರಿಗೆ ವರ್ಷಕ್ಕೆ 20,000ದಲ್ಲಿ ಒಂದು. ಕೇಳಲು ಇದು ಬಲು ದೂರದ ಮಾತಿನಂತೆ ತೋರುತ್ತದೆ. ಆದರೆ ನೂರು ರಿಯಾಕ್ಟರುಗಳಿದ್ದರೆ ಇನ್ನೂರು ವರ್ಷಕ್ಕೊಮ್ಮೆ. ಜಗತ್ತಿನಲ್ಲಿ ನಾನ್ನೂರಿದ್ದರೆ ಐವತ್ತು ವರ್ಷಕ್ಕೊಮ್ಮೆ. ಒಬ್ಬ ಮನುಷ್ಯನ ಆಯುಸ್ಸಿನೊಳಗೇ! ಇಂಧನ ಕರಗಿದ ಮಾತ್ರಕ್ಕೆ ಊರಿಗೆ ಊರೇ ನಾಶವಾಗುವುದಿಲ್ಲ, ಬಹುಪಾಲು ಸಂದರ್ಭಗಳಲ್ಲಿ ಹೊರ ಕವಚ ವಿಕಿರಣವನ್ನು ತಡೆಹಿಡಿಯುತ್ತದೆ ಎಂಬುದು ಎರಡನೆಯದು. ಅಂದರೆ ಅನಾಹುತ ಅಷ್ಟೇನೂ ಅಪರೂಪವಲ್ಲ, ಆದರೆ ಅಷ್ಟೇನೂ ಘೋರವೂ ಅಲ್ಲ.

ಮತ್ತೊಂದು ಮಾತು ಇನ್ನೂ ಒಳಗೆ, ಪರಿಶಿಷ್ಟಗಳ ಕೋಷ್ಟಕಗಳಲ್ಲಿ ಅಡಗಿತ್ತು. ಆ ಹೊತ್ತಿಗೆ ಅಮೆರಿಕದಲ್ಲಿ ಎಲ್ಲರ ಕಣ್ಣೂ ಇದ್ದದ್ದು ದೊಡ್ಡ ಕೊಳವೆಯ ಮೇಲೆ. ರಿಯಾಕ್ಟರಿಗೆ ನೀರು ಒಯ್ಯುವ ಅತಿ ದಪ್ಪದ ಕೊಳವೆ ಥಟ್ಟನೆ ತುಂಡಾದರೆ ತುರ್ತು ನೀರು ಸಮಯಕ್ಕೆ ಬರುತ್ತದೆಯೇ ಎಂಬುದರ ಮೇಲೆ 1972-73ರಲ್ಲಿ ತಿಂಗಳುಗಟ್ಟಲೆ ವಿಚಾರಣೆ ನಡೆದಿತ್ತು. ರಾಸ್ಮುಸೆನ್ ತಂಡದ ಮರಗಳು ಬೇರೆಯದೇ ಕಥೆ ಹೇಳಿದವು. ಅಪಾಯದ ಸಿಂಹಪಾಲು ದೊಡ್ಡ ಕೊಳವೆಯಿಂದ ಬರುವುದಿಲ್ಲ. ಸಣ್ಣ ಸೋರಿಕೆ, ನಡೆಯುತ್ತಿರುವ ಯಂತ್ರ ಏಕಾಏಕಿ ನಿಲ್ಲುವಂಥ ಸಾಮಾನ್ಯ ತೊಂದರೆ, ದುರಸ್ತಿಗೆಂದು ಮುಚ್ಚಿ ಮತ್ತೆ ತೆರೆಯಲು ಮರೆತ ಕವಾಟ, ಮೇಜಿನ ಮುಂದೆ ಕೂತ ಆಪರೇಟರಿನ ತಪ್ಪು ನಿರ್ಧಾರ. ಬರುವುದು ಇವುಗಳಿಂದ. ಸರ್ರಿ ಸ್ಥಾವರದಲ್ಲಿ, ಒಂದರ ಹಿಂದೊಂದು ಕೂತ ಎರಡು ಕವಾಟಗಳು ಕೆಟ್ಟರೆ ರಿಯಾಕ್ಟರಿನ ಹೆಚ್ಚಿನ ಒತ್ತಡದ ನೀರು ಕವಚದ ಹೊರಗಿನ ತೆಳು ಕೊಳವೆಗಳಿಗೆ ನುಗ್ಗಿ, ಕವಚವಿದ್ದೂ ಇಲ್ಲದಂತಾಗುತ್ತದೆ ಎಂಬುದನ್ನೂ ಅವರು ಕಂಡುಹಿಡಿದರು. ಆ ಕವಾಟಗಳನ್ನು ಆಗಾಗ ಪರೀಕ್ಷಿಸಿದರೆ ಅಪಾಯ ಎಷ್ಟೋ ಪಾಲು ಕಡಿಮೆಯಾಗುತ್ತಿತ್ತು. ಇಂಥದು ವರ್ಷಗಟ್ಟಲೆ ಯಾರಿಗೂ ಹೊಳೆದಿರಲಿಲ್ಲ ಎಂಬುದೇ ಆ ಲೆಕ್ಕದ ಉಪಯೋಗಕ್ಕೆ ಸಾಕ್ಷಿ.

ಆದರೆ ಸಾವಿರಾರು ಪುಟಗಳ ಪರಿಶಿಷ್ಟವನ್ನು ಯಾರು ಓದುತ್ತಾರೆ? ಎಲ್ಲರೂ ಓದಿದ್ದು ಮೊದಲಿಗೆ ಕಟ್ಟಿದ್ದ ತೆಳ್ಳನೆಯ ಸಾರಾಂಶವನ್ನು. ಅದರಲ್ಲಿ ಒಂದು ಹೋಲಿಕೆಯ ಪಟ್ಟಿ. ಒಬ್ಬ ಅಮೆರಿಕನ್ ವಾಹನ ಅಪಘಾತದಲ್ಲಿ ಸಾಯುವ ಸಂಭವ ವರ್ಷಕ್ಕೆ 4,000ದಲ್ಲಿ ಒಂದು. ಸಿಡಿಲಿಗೆ 20 ಲಕ್ಷದಲ್ಲಿ ಒಂದು. ನೂರು ಅಣುಸ್ಥಾವರಗಳಿಂದ 500 ಕೋಟಿಯಲ್ಲಿ ಒಂದು. ಸಾವಿರ ಜನರನ್ನು ಕೊಲ್ಲುವಂಥ ಅಣು ಅಪಘಾತದ ಸಂಭವ, ಆಕಾಶದಿಂದ ಉಲ್ಕೆ ಬಿದ್ದು ಅಷ್ಟೇ ಜನ ಸಾಯುವ ಸಂಭವಕ್ಕೆ ಸಮ. ಸುದ್ದಿ ಮಾಡಿದ್ದು ಈ ಉಲ್ಕೆ. ಅಣು ಉದ್ಯಮ ಅದನ್ನು ಜಾಹೀರಾತಿನಂತೆ ಬಳಸಿತು. 1975ರ ಕೊನೆಯಲ್ಲಿ ಸ್ಥಾವರಗಳ ವಿಮಾ ಹೊಣೆಗಾರಿಕೆಗೆ ಮಿತಿ ಹಾಕುವ ಪ್ರೈಸ್-ಆಂಡರ್ಸನ್ ಕಾಯಿದೆಯ ಅವಧಿಯನ್ನು ಸಂಸತ್ತು ವಿಸ್ತರಿಸಿದಾಗಲೂ ಈ ವರದಿ ಕೈಯಲ್ಲಿತ್ತು.

ಇಲ್ಲಿ ರಾಸ್ಮುಸೆನ್ ಅವರನ್ನು ಪೂರ್ತಿ ಬಿಟ್ಟುಕೊಡುವಂತಿಲ್ಲ. ಆ ಪಟ್ಟಿಯಲ್ಲಿ ಎಣಿಸಿದ್ದು ತಕ್ಷಣದ ಸಾವುಗಳನ್ನು ಮಾತ್ರ. ವಿಕಿರಣದಿಂದ ಹತ್ತಿಪ್ಪತ್ತು ವರ್ಷ ಕಳೆದು ಬರುವ ಕ್ಯಾನ್ಸರುಗಳು ಆ ಹೋಲಿಕೆಯೊಳಗೆ ಇರಲಿಲ್ಲ. ಒಳಗಿನ ಪುಟಗಳಲ್ಲಿ ಅವುಗಳ ಲೆಕ್ಕವಿತ್ತು, ಮುಂದಿನ ಪುಟದಲ್ಲಿ ಇರಲಿಲ್ಲ. ಅಂಕಿಯ ಹಿಂದೆ ಇದ್ದ ಅನಿಶ್ಚಿತತೆಯೂ ಆ ಪಟ್ಟಿಯಲ್ಲಿ ಕಾಣುತ್ತಿರಲಿಲ್ಲ. ಅಳೆಯುವುದನ್ನೇ ವೃತ್ತಿ ಮಾಡಿಕೊಂಡಿದ್ದ ಭೌತಶಾಸ್ತ್ರಜ್ಞರೊಬ್ಬರು ಇದನ್ನು ಹೇಗೆ ಒಪ್ಪಿದರೋ!

ಮೇಣದ ಬತ್ತಿ

ಕರಡು ಮತ್ತು ಅಂತಿಮ ವರದಿಯ ನಡುವೆ ಒಂದು ಘಟನೆ ನಡೆಯಿತು. 1975ರ ಮಾರ್ಚ್ 22. ಅಲಬಾಮಾ ರಾಜ್ಯದ ಬ್ರೌನ್ಸ್ ಫೆರಿ ಸ್ಥಾವರದಲ್ಲಿ ಕೆಲಸಗಾರರು ಕೇಬಲ್ಲುಗಳು ಗೋಡೆ ದಾಟುವ ಕಿಂಡಿಗಳಲ್ಲಿ ಗಾಳಿ ಸೋರುತ್ತಿದೆಯೇ ಎಂದು ನೋಡುತ್ತಿದ್ದರು. ನೋಡುವ ಕ್ರಮ ಬಲು ಸರಳ. ಕಿಂಡಿಯ ಹತ್ತಿರ ಉರಿಯುವ ಮೇಣದ ಬತ್ತಿ ಹಿಡಿಯುವುದು, ಜ್ವಾಲೆ ಬಾಗಿದರೆ ಸೋರಿಕೆ ಇದೆ ಎಂದು ತಿಳಿಯುವುದು. ಜ್ವಾಲೆ ಬಾಗಿತು. ಕಿಂಡಿಗೆ ತುರುಕಿದ್ದ ಫೋಮಿಗೆ ಬೆಂಕಿ ಹತ್ತಿತು. ಸುಮಾರು ಏಳು ಗಂಟೆ ಉರಿದು 1,600ರಷ್ಟು ಕೇಬಲ್ಲುಗಳು ಹಾಳಾದವು. ಮೊದಲ ರಿಯಾಕ್ಟರಿನ ತುರ್ತು ತಂಪು ವ್ಯವಸ್ಥೆಗಳೆಲ್ಲ ಒಂದಾದ ಮೇಲೊಂದು ಸತ್ತವು. ಆಪರೇಟರುಗಳು ಉಳಿದ ಒಂದೆರಡು ಪಂಪುಗಳನ್ನು ಹೇಗೋ ಹೊಂದಿಸಿಕೊಂಡು ಇಂಧನ ಉಳಿಸಿದರು.

ಸಾವಿರಾರು ಕೊಂಬೆಗಳ ಮರದಲ್ಲಿ ಮೇಣದ ಬತ್ತಿ ಇರಲಿಲ್ಲ. ಟೀಕಾಕಾರರಿಗೆ ಇದಕ್ಕಿಂತ ಹೆಚ್ಚೇನು ಬೇಕು? ಅಂತಿಮ ವರದಿಯಲ್ಲಿ ತಂಡ ಈ ಬೆಂಕಿಯ ಲೆಕ್ಕವನ್ನು ಪ್ರತ್ಯೇಕವಾಗಿ ಸೇರಿಸಿ, ತನ್ನ ಒಟ್ಟು ಅಂದಾಜು ಅದರಿಂದ ಬುಡಮೇಲಾಗುವುದಿಲ್ಲ ಎಂದು ವಾದಿಸಿತು. ಎಲ್ಲರೂ ಒಪ್ಪಲಿಲ್ಲ. ಕಾಳಜಿಯುಳ್ಳ ವಿಜ್ಞಾನಿಗಳ ಒಕ್ಕೂಟ ಎಂಬ ಸಂಸ್ಥೆ ಆಯೋಗದ ಒಳಗಿನ ಕಾಗದಪತ್ರಗಳನ್ನು ತರಿಸಿಕೊಂಡು, ಅಣುವಿದ್ಯುತ್ತಿನ ಪರ ತೀರ್ಪು ಬರುವಂತೆಯೇ ಅಧ್ಯಯನವನ್ನು ರೂಪಿಸಲಾಗಿತ್ತು ಎಂದು ಆರೋಪಿಸಿತು. ಸಂಸತ್ ಸದಸ್ಯ ಮಾರಿಸ್ ಯೂಡಾಲ್ ವಿಚಾರಣೆ ನಡೆಸಿ, ಸ್ವತಂತ್ರ ಪರಿಶೀಲನೆಗೆ ಪಟ್ಟು ಹಿಡಿದರು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಭೌತಶಾಸ್ತ್ರಜ್ಞ ಹೆರಾಲ್ಡ್ ಲೂಯಿಸ್ ನೇತೃತ್ವದ ಸಮಿತಿ 1978ರ ಸೆಪ್ಟೆಂಬರಿನಲ್ಲಿ ತನ್ನ ಅಭಿಪ್ರಾಯ ಕೊಟ್ಟಿತು.

ಲೂಯಿಸ್ ಸಮಿತಿಯ ತೀರ್ಪು ಎರಡು ಅಲಗಿನದು. ವಿಧಾನ ಒಳ್ಳೆಯದು, ನಿಯಂತ್ರಕರು ಇದನ್ನು ಇನ್ನೂ ಹೆಚ್ಚು ಬಳಸಬೇಕು. ಆದರೆ ಅಂಕಿಯ ಅನಿಶ್ಚಿತತೆಯನ್ನು ವರದಿ ತೀರಾ ಕಡಿಮೆ ಮಾಡಿ ಹೇಳಿದೆ. ನಿಜವಾದ ಅಪಾಯ ಅದಕ್ಕಿಂತ ಹೆಚ್ಚೋ ಕಡಿಮೆಯೋ ಎಂಬುದನ್ನೂ ಹೇಳಲಾಗದು. ವರದಿಯನ್ನು ಓದಿ ಒಂದು ಲೆಕ್ಕದ ಜಾಡು ಹಿಡಿಯುವುದೇ ದುಸ್ತರ. ಸಾರಾಂಶವಂತೂ ಒಳಗಿನ ವಿಷಯವನ್ನು ಸರಿಯಾಗಿ ಪ್ರತಿನಿಧಿಸುವುದಿಲ್ಲ. ಇದರ ಆಧಾರದ ಮೇಲೆಯೇ ಆಯೋಗ ಜನವರಿಯಲ್ಲಿ ಕೈತೊಳೆದುಕೊಂಡದ್ದು. ಕೈತೊಳೆಯುವ ಭರದಲ್ಲಿ ವಿಧಾನವೂ ಮೂಲೆಗೆ ಬಿತ್ತು. ಸಮಿತಿ ಹೇಳಿದ ಎರಡು ಮಾತಿನಲ್ಲಿ ಒಂದನ್ನು ಮಾತ್ರ ಜನ ಕೇಳಿಸಿಕೊಂಡರು.

ನಸುಕಿನ ನಾಲ್ಕು ಗಂಟೆ

1979ರ ಮಾರ್ಚ್ 28ರ ಬೆಳಗಿನ ಜಾವ ನಾಲ್ಕು ಗಂಟೆಗೆ ತ್ರೀ ಮೈಲ್ ಐಲೆಂಡಿನ ಎರಡನೇ ಘಟಕದಲ್ಲಿ ನೀರು ಪೂರೈಸುವ ಪಂಪುಗಳು ನಿಂತವು. ಇದು ಸಾಮಾನ್ಯ ತೊಂದರೆ. ಬದಲಿ ಪಂಪುಗಳು ಚಾಲೂ ಆದವು. ಆದರೆ ಅವುಗಳ ದಾರಿಯ ಕವಾಟಗಳು ಮುಚ್ಚಿದ್ದವು. ಯಾರೋ ತೆರೆಯುವುದನ್ನು ಮರೆತಿದ್ದರು. ಅದು ಎಂಟು ನಿಮಿಷದಲ್ಲಿ ಗೊತ್ತಾಯಿತು. ಅಷ್ಟರಲ್ಲಿ ಒತ್ತಡ ಏರಿ, ಅದನ್ನು ಇಳಿಸುವ ಕವಾಟವೊಂದು ತೆರೆದುಕೊಂಡಿತ್ತು. ಒತ್ತಡ ಇಳಿದ ಮೇಲೆ ಅದು ಮುಚ್ಚಬೇಕಿತ್ತು, ಮುಚ್ಚಲಿಲ್ಲ. ಕಂಟ್ರೋಲ್ ರೂಮಿನ ದೀಪ ಮಾತ್ರ ಆರಿತು. ಆ ದೀಪ ತೋರಿಸುತ್ತಿದ್ದದ್ದು ಕವಾಟ ಮುಚ್ಚಿದೆ ಎಂಬುದನ್ನಲ್ಲ, ಮುಚ್ಚು ಎಂಬ ಆಜ್ಞೆ ಹೋಗಿದೆ ಎಂಬುದನ್ನು. ಆಪರೇಟರುಗಳು ದೀಪವನ್ನು ನಂಬಿದರು. ಒಂದು ಮಾಪಕ ನೀರು ತುಂಬಿದೆ ಎಂದು ತೋರಿಸುತ್ತಿದ್ದುದರಿಂದ, ತಾನಾಗಿ ಬರುತ್ತಿದ್ದ ತುರ್ತು ನೀರನ್ನೂ ಕಡಿಮೆ ಮಾಡಿದರು. ಎರಡು ಗಂಟೆ ಇಪ್ಪತ್ತು ನಿಮಿಷದ ನಂತರ ಒಬ್ಬರಿಗೆ ಅನುಮಾನ ಬಂದು ಇನ್ನೊಂದು ಕವಾಟ ಮುಚ್ಚಿಸುವ ಹೊತ್ತಿಗೆ ರಿಯಾಕ್ಟರಿನ ನೀರು ಬಹಳಷ್ಟು ಹೋಗಿತ್ತು. ಇಂಧನದ ಅರ್ಧದಷ್ಟು ಭಾಗ ಕರಗಿತು ಎಂಬುದು ವರ್ಷಗಳ ನಂತರ ಮುಚ್ಚಳ ತೆಗೆದು ನೋಡಿದಾಗ ಖಚಿತವಾಯಿತು.

ಸಣ್ಣ ಸೋರಿಕೆ, ಯಂತ್ರ ನಿಲ್ಲುವ ಸಾಮಾನ್ಯ ತೊಂದರೆ, ತೆರೆಯಲು ಮರೆತ ಕವಾಟ, ಆಪರೇಟರಿನ ತಪ್ಪು ನಿರ್ಧಾರ. ರಾಸ್ಮುಸೆನ್ ವರದಿಯ ಒಳಪುಟಗಳು ಬೆರಳಿಟ್ಟು ತೋರಿಸಿದ್ದ ಪಟ್ಟಿಯೇ ಇದು. ಇಂಧನ ಕರಗಿದರೂ ಹೊರ ಕವಚ ನಿಂತಿತು. ಹೊರಗೆ ಹೋದ ವಿಕಿರಣ ಕಡಿಮೆ. ಅದೂ ವರದಿ ಹೇಳಿದ ಮಾತೇ.

ಆದರೆ ಆ ಪುಟಗಳನ್ನು ಓದಿ ಯಾರೂ ಆಪರೇಟರುಗಳಿಗೆ ಸಣ್ಣ ಸೋರಿಕೆಯ ತರಬೇತಿ ಕೊಟ್ಟಿರಲಿಲ್ಲ. 1977ರ ಸೆಪ್ಟೆಂಬರಿನಲ್ಲಿ ಓಹಾಯೋದ ಡೇವಿಸ್-ಬೆಸ್ಸಿ ಸ್ಥಾವರದಲ್ಲಿ ಇಂಥದೇ ಕವಾಟ ಇದೇ ರೀತಿ ತೆರೆದೇ ಉಳಿದಿತ್ತು. ರಿಯಾಕ್ಟರು ಕಡಿಮೆ ಶಕ್ತಿಯಲ್ಲಿ ಓಡುತ್ತಿತ್ತು, ಇಪ್ಪತ್ತು ನಿಮಿಷದೊಳಗೆ ಕವಾಟ ಮುಚ್ಚಿದ್ದರು. ಹಾಗಾಗಿ ಕರಗಲಿಲ್ಲ. ಆ ಎಚ್ಚರಿಕೆಯೂ ಫೈಲಿನಲ್ಲಿ ಕೂತಿತ್ತು. ಅಪಘಾತಕ್ಕೆ ಹನ್ನೆರಡು ದಿನ ಮುಂಚೆ ‘ದಿ ಚೈನಾ ಸಿಂಡ್ರೋಮ್’ ಎಂಬ ಸಿನಿಮಾ ಬಿಡುಗಡೆಯಾಗಿತ್ತು. ಅಣುಸ್ಥಾವರದ ಅಪಘಾತದ ಆ ಕಥೆಯಲ್ಲಿ, ಬೀರುವಿನಲ್ಲಿ ಬಚ್ಚಿಟ್ಟಿದ್ದ ಹಳೆಯ ವರದಿಯ ಪೆನ್ಸಿಲ್ವೇನಿಯಾದಷ್ಟು ದೊಡ್ಡ ಪ್ರದೇಶದ ಮಾತು ಬರುತ್ತದೆ. ಹ್ಯಾರಿಸ್‌ಬರ್ಗಿನ ಜನ ಗಾಬರಿಯಾಗಿ ಓಡಿದ್ದರಲ್ಲಿ ತಪ್ಪೇನು? ಬಚ್ಚಿಟ್ಟ ಲೆಕ್ಕ ಸಿನಿಮಾದಲ್ಲಿ ಬಂದಿತ್ತು, ಬಿಚ್ಚಿಟ್ಟ ಲೆಕ್ಕವನ್ನು ಸರ್ಕಾರವೇ ನಂಬಬೇಡಿ ಎಂದಿತ್ತು.

ಅಧ್ಯಕ್ಷ ಕಾರ್ಟರ್ ನೇಮಿಸಿದ ಜಾನ್ ಕೆಮೆನಿ ನೇತೃತ್ವದ ತನಿಖಾ ಆಯೋಗ 1979ರ ಅಕ್ಟೋಬರಿನಲ್ಲಿ ವರದಿ ಕೊಟ್ಟಿತು. ದೊಡ್ಡ ಕೊಳವೆಯ ಗುಂಗಿನಲ್ಲಿ ಎಲ್ಲರೂ ಸಣ್ಣ ತೊಂದರೆಗಳನ್ನು ಮರೆತರು ಎಂಬುದು ಅದರ ಮುಖ್ಯ ದೂರುಗಳಲ್ಲೊಂದು. ಅಪಾಯ ವಿಶ್ಲೇಷಣೆ ಮೂಲೆಯಿಂದ ಎದ್ದು ಬಂತು. ಚಿಕಾಗೋ ಬಳಿಯ ಜಾಯನ್, ನ್ಯೂಯಾರ್ಕ್ ಬಳಿಯ ಇಂಡಿಯನ್ ಪಾಯಿಂಟ್ ಸ್ಥಾವರಗಳಿಗೆ ಪೂರ್ಣ ಲೆಕ್ಕ ನಡೆಯಿತು. 1988ರಲ್ಲಿ ನಿಯಂತ್ರಣ ಆಯೋಗ ಪ್ರತಿಯೊಂದು ಸ್ಥಾವರವೂ ತನ್ನ ದೌರ್ಬಲ್ಯಗಳನ್ನು ತಾನೇ ಹುಡುಕಬೇಕೆಂದು ಪತ್ರ ಬರೆಯಿತು. 1990ರಲ್ಲಿ ಐದು ಸ್ಥಾವರಗಳ ಹೊಸ ಅಧ್ಯಯನ ಬಂತು. ಈ ಬಾರಿ ಅನಿಶ್ಚಿತತೆಯನ್ನು ಎದುರಿಗಿಟ್ಟೇ ಬರೆದರು. 1995ರಲ್ಲಿ ಅಪಾಯದ ಲೆಕ್ಕವನ್ನು ನಿಯಂತ್ರಣದ ಎಲ್ಲ ಕೆಲಸಗಳಲ್ಲಿ ಬಳಸುವ ನೀತಿಯನ್ನೇ ಆಯೋಗ ಪ್ರಕಟಿಸಿತು. ಬಾಹ್ಯಾಕಾಶ ಸಂಸ್ಥೆ ನಾಸಾ ಕೂಡ 1986ರಲ್ಲಿ ಚಾಲೆಂಜರ್ ಸ್ಫೋಟವಾದ ಮೇಲೆ ಈ ದಾರಿಗೆ ಮರಳಿತು. ಅಲ್ಲಿಯ ಆಡಳಿತಗಾರರು ಷಟಲ್ ನಾಶವಾಗುವ ಸಂಭವ ಲಕ್ಷದಲ್ಲಿ ಒಂದು ಎನ್ನುತ್ತಿದ್ದರೆ, ಕೆಲಸ ಮಾಡುವ ಎಂಜಿನಿಯರುಗಳು ನೂರರಲ್ಲಿ ಒಂದು ಎನ್ನುತ್ತಿದ್ದರು ಎಂಬುದನ್ನು ರಿಚರ್ಡ್ ಫೈನ್‌ಮನ್ ಆಗ ಬಯಲಿಗೆಳೆದಿದ್ದರು.

ರಾಸ್ಮುಸೆನ್ 1975ರಿಂದ 1981ರವರೆಗೆ ಎಂಐಟಿಯ ತಮ್ಮ ವಿಭಾಗದ ಮುಖ್ಯಸ್ಥರಾಗಿದ್ದರು. ಅಂದರೆ ವರದಿಯ ಹೊಗಳಿಕೆ, ತೆಗಳಿಕೆ, ಮುಖಭಂಗ, ಮರುಜೀವ ಎಲ್ಲ ಆ ಕುರ್ಚಿಯಲ್ಲಿ ಕೂತೇ ಕಂಡರು. 1979ರಲ್ಲಿಯೇ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗೆ ಆಯ್ಕೆಯಾದರು. 1985ರ ಸಾಲಿಗೆ ಎನ್ರಿಕೊ ಫರ್ಮಿ ಪ್ರಶಸ್ತಿ ಬಂತು. ಒಂದು ಕಾಲಕ್ಕೆ ಅವರ ಅಂಕಿಗಳನ್ನು ಹಿಂತೆಗೆದುಕೊಂಡ ಸರ್ಕಾರವೇ ಕೊಟ್ಟದ್ದು.

ಕೈಗಾ, ನರೋರಾ

ಕರ್ನಾಟಕದ ಓದುಗರಿಗೆ ಈ ವಾದ ಹೊಸದೇನಲ್ಲ. ಉತ್ತರ ಕನ್ನಡದ ಕೈಗಾದಲ್ಲಿ ಅಣುಸ್ಥಾವರ ಕಟ್ಟಲು ಹೊರಟಾಗ ಅದೇ ಪ್ರಶ್ನೆ ಇಲ್ಲಿಯೂ ಎದ್ದಿತ್ತು. ಇಳಿವಯಸ್ಸಿನಲ್ಲಿ ಶಿವರಾಮ ಕಾರಂತರು 1989ರ ಲೋಕಸಭಾ ಚುನಾವಣೆಗೆ ನಿಂತದ್ದು ಈ ವಿರೋಧದ ಸಲುವಾಗಿಯೇ. ಸಂಭವ ಕಡಿಮೆ ಎಂದು ಒಂದು ಕಡೆಯವರು, ಆದರೆ ಏನು ಗತಿ ಎಂದು ಇನ್ನೊಂದು ಕಡೆಯವರು. ಎರಡೂ ಒಂದೇ ಗುಣಾಕಾರದ ಎರಡು ಸಂಖ್ಯೆಗಳು ಎಂಬುದು ಗದ್ದಲದಲ್ಲಿ ಯಾರಿಗೂ ಕಾಣಲಿಲ್ಲ. 1993ರ ಮಾರ್ಚ್ 31ರಂದು ಉತ್ತರ ಪ್ರದೇಶದ ನರೋರಾ ಸ್ಥಾವರದಲ್ಲಿ ಟರ್ಬೈನಿನ ಅಲಗು ಮುರಿದು ಬೆಂಕಿ ಹತ್ತಿತು. ಕೇಬಲ್ಲುಗಳು ಉರಿದು ಇಡೀ ಸ್ಥ್ಥಾವರಕ್ಕೆ ಹದಿನೇಳು ಗಂಟೆ ಕರೆಂಟಿಲ್ಲದಾಯಿತು. ಬ್ರೌನ್ಸ್ ಫೆರಿಯ ಪಾಠ ಹದಿನೆಂಟು ವರ್ಷ ಹಳೆಯದಾಗಿತ್ತು. ಬೆಂಕಿ ಆರಿಸಲು ಇಟ್ಟಿದ್ದ ಡೀಸೆಲ್ ಪಂಪುಗಳಿಂದ ನೀರು ಹಾಯಿಸಿ ಸಿಬ್ಬಂದಿ ರಿಯಾಕ್ಟರನ್ನು ತಣ್ಣಗಿಟ್ಟರು. ವಿಕಿರಣ ಹೊರಬರಲಿಲ್ಲ. ಮರುವರ್ಷ ಮೇ 13ರಂದು ಕಟ್ಟುತ್ತಿದ್ದ ಕೈಗಾ ಮೊದಲ ಘಟಕದ ಗುಮ್ಮಟದ ಒಳಪದರ ಕಳಚಿ ಬಿತ್ತು. ಇಂಧನ ತುಂಬಿರಲಿಲ್ಲ. ವಿನ್ಯಾಸ ತಿದ್ದಿ ಮತ್ತೆ ಕಟ್ಟಿದರು. ಅದೇ ಘಟಕ 2018ರ ಕೊನೆಯವರೆಗೆ 962 ದಿನ ನಿಲ್ಲದೆ ಓಡಿ ಆಗಿನ ವಿಶ್ವದಾಖಲೆ ಮಾಡಿತು. ಎರಡೂ ನಿಜವೇ. ಭಾರತದ ಸ್ಥಾವರಗಳಿಗೂ ಈಗ ರಾಸ್ಮುಸೆನ್ ಮಾದರಿಯ ಅಪಾಯ ವಿಶ್ಲೇಷಣೆ ಮಾಡುತ್ತಾರೆ.

2003ರ ಜುಲೈ 18ರಂದು ರಾಸ್ಮುಸೆನ್ ತೀರಿಕೊಂಡರು. ಪಾರ್ಕಿನ್ಸನ್ ಕಾಯಿಲೆ ಬಹುಕಾಲ ಕಾಡಿತ್ತು. 2011ರ ಮಾರ್ಚ್ 11ರಂದು ಜಪಾನಿನ ಫುಕುಶಿಮಾದಲ್ಲಿ 5.7 ಮೀಟರ್ ಸುನಾಮಿ ಬಂದೀತೆಂದು ಎಣಿಸಿದ್ದ ಸ್ಥಾವರಕ್ಕೆ 14 ಮೀಟರಿಗೂ ಎತ್ತರದ ನೀರು ನುಗ್ಗಿತು. ಭೂಕಂಪದಿಂದ ಹೊರಗಿನ ಕರೆಂಟು ಆಗಲೇ ಹೋಗಿತ್ತು. ನೆಲಮಹಡಿಗಳಲ್ಲಿದ್ದ ಡೀಸೆಲ್ ಜನರೇಟರುಗಳು ಒಟ್ಟಿಗೆ ಮುಳುಗಿದವು. ಮೂರು ರಿಯಾಕ್ಟರುಗಳ ಇಂಧನ ಕರಗಿತು. ಕಾವೇರಿಯೂ ಇಲ್ಲ, ಬೋರ್‌ವೆಲ್ಲೂ ಇಲ್ಲ.

ವಾಶ್-1400ರ ಮಾದರಿಯಾಗಿದ್ದ ಸರ್ರಿ ಸ್ಥಾವರದ ಮೊದಲ ರಿಯಾಕ್ಟರು ವಾಣಿಜ್ಯ ಉತ್ಪಾದನೆ ಆರಂಭಿಸಿದ್ದು 1972ರ ಡಿಸೆಂಬರಿನಲ್ಲಿ, ಅಧ್ಯಯನ ಶುರುವಾದ ವರ್ಷವೇ. 2021ರಲ್ಲಿ ನಿಯಂತ್ರಣ ಆಯೋಗ ಅದರ ಪರವಾನಗಿಯನ್ನು ಎಂಬತ್ತು ವರ್ಷಕ್ಕೆ ವಿಸ್ತರಿಸಿದೆ. 2052ರವರೆಗೆ ಅದು ಓಡಬಹುದು.